ಬಟ್ಟೆಯ ರೆಕ್ಕೆ, ಬಣ್ಣದ ಅಂಚು

ವಿ.ಟಿ. ಎಂದರೆ ಮುಂಬಯಿಗರಾದ ನಮಗೆ ಬೋರಿಬಂದರಿನ ರೈಲು ನಿಲ್ದಾಣ. 1996ರಲ್ಲಿ ಅದರ ಹೆಸರು ಬದಲಾದರೂ ಹಳಬರ ಬಾಯಿಂದ ಆ ಎರಡಕ್ಷರ ಹೋಗಿಲ್ಲ. ವಿಮಾನದವರಿಗೆ ಅದರ ಅರ್ಥವೇ ಬೇರೆ. ಭಾರತದಲ್ಲಿ ನೋಂದಣಿಯಾದ ಪ್ರತಿಯೊಂದು ವಿಮಾನದ ಮೈಮೇಲೂ ಅವು ಇರಲೇಬೇಕು. ಜುಹೂ ನಿಲ್ದಾಣದ ಮೊದಲ ದಿನಗಳಲ್ಲಿ ಈ ಅಕ್ಷರಗಳನ್ನು ಬರೆಯುತ್ತಿದ್ದುದು ಲೋಹದ ಮೇಲಲ್ಲ, ಬಟ್ಟೆಯ ಮೇಲೆ. ಮರದ ಇಲ್ಲವೆ ಉಕ್ಕಿನ ಕೊಳವೆಯ ಹಂದರಕ್ಕೆ ಬಟ್ಟೆ ತೊಡಿಸಿ, ಬಟ್ಟೆಗೆ ಲೇಪ ಕೊಟ್ಟು, ಲೇಪದ ಮೇಲೆ ಬಣ್ಣದ ಗೆರೆ ಎಳೆದರೆ ವಿಮಾನ. ನಮ್ಮ ಹುಡುಗರು ಕಾಲೇಜಿನಲ್ಲಿ ಕಟ್ಟುತ್ತಿದ್ದ ಮಾದರಿ ಗ್ಲೈಡರುಗಳೂ ಇದೇ ಜಾತಿಯವು, ಗಾತ್ರದಲ್ಲಿ ಮಾತ್ರ ಮರಿ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಟಪಾಲು ಹೊತ್ತು ಜುಹೂವಿನಲ್ಲಿ ಇಳಿದದ್ದು ಇಂಥದೇ ಬಟ್ಟೆಯ ರೆಕ್ಕೆಯ ಪಸ್ ಮಾತ್ ವಿಮಾನದಲ್ಲಿ. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಟಪಾಲನ್ನು ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದರು. ಈ ಸಂಗತಿಯನ್ನು ಬರೆಯುವವರು ಬಳ್ಳಾರಿಯ ಹೆಸರನ್ನು ಹಾರಿಸಿಬಿಡುವುದುಂಟು. ನಾವು ಹಾರಿಸಲಾರೆವು.

ಬರಿಯ ಬಟ್ಟೆಯಿಂದ ಹಾರಲಾಗದು. ಅದರ ಎಳೆಗಳ ನಡುವೆ ಗಾಳಿ ನುಗ್ಗುತ್ತದೆ, ಬಟ್ಟೆ ಜೋಲುತ್ತದೆ. ಅದಕ್ಕಾಗಿ ಬಂದದ್ದು ‘ಡೋಪ್’ ಎಂಬ ಲೇಪ. ಹತ್ತಿಯಂಥ ನಾರನ್ನು ಆಮ್ಲದಲ್ಲಿ ಮಾರ್ಪಡಿಸಿ ದ್ರಾವಕದಲ್ಲಿ ಕರಗಿಸಿದ ದ್ರವವಿದು. ಒಣಗುತ್ತ ಕುಗ್ಗಿ, ಬಟ್ಟೆಯನ್ನು ಮದ್ದಳೆಯ ಚರ್ಮದಂತೆ ಬಿಗಿಯುತ್ತದೆ. ಹಳೆಯ ಮೂಕಿ ಚಿತ್ರಗಳ ರೀಲು, ಹೆಂಗಸರ ಉಗುರು ಬಣ್ಣ, ಈ ಡೋಪ್, ಮೂರೂ ಒಂದೇ ತಾಯಿಯ ಮಕ್ಕಳು. ಮೂರಕ್ಕೂ ಬೆಂಕಿ ಎಂದರೆ ಬಲು ಬೇಗ. ಬಟ್ಟೆಯ ವಿಷಯದಲ್ಲೂ ನಮ್ಮ ನಾಡಿಗೆ ಒಂದು ಪಾಲಿದೆ. ಗೋದಾವರಿಯ ಮುಖದ ಬಳಿ, ನರಸಾಪುರದ ಪಕ್ಕದಲ್ಲಿರುವ ಮಾಧವಪಾಳೆಂನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯಿತ್ತು. ಅಲ್ಲಿನ ನವುರಾದ ಹತ್ತಿ ಬಟ್ಟೆ ‘ಮಡಪೋಲಂ’ ಎಂಬ ಹೆಸರಿನಿಂದ ಇಂಗ್ಲೆಂಡಿಗೆ ಹೋಯಿತು. ಎರಡನೆಯ ಮಹಾಯುದ್ಧದ ಮರದ ವಿಮಾನ ಮಸ್ಕಿಟೋವಿಗೆ ಹೊದಿಸಿದ್ದು ಅದೇ ಹೆಸರಿನ ಬಟ್ಟೆಯನ್ನು. ಊರಿನ ನೇಕಾರಿಕೆಯನ್ನು ಲೋಕ ಮರೆತರೂ ಹೆಸರು ರೆಕ್ಕೆಗೆ ಅಂಟಿಕೊಂಡಿತು.

ಮುಂಬಯಿಯಲ್ಲಿ ಡೋಪಿನ ದೊಡ್ಡ ಶತ್ರು ಮಳೆಗಾಲ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ; ಗಾಳಿಯ ತೇವ ಅಲ್ಲಿ ಕೂತು ಲೇಪದ ಮೇಲೆ ಬಿಳಿಯ ಮಂಜು ಮೂಡುತ್ತದೆ. ನೋಡಲು ಕೆಡುವುದಷ್ಟೇ ಅಲ್ಲ, ಲೇಪದ ಬಲವೂ ಹೋಗುತ್ತದೆ. ಜುಹೂವಿನ ನೆಲವೇ ಆಗ ಮಳೆಗಾಲದಲ್ಲಿ ಕೆಸರಾಗಿ, ಟಾಟಾ ವಿಮಾನಗಳು ಪುಣೆಗೆ ವಲಸೆ ಹೋಗುತ್ತಿದ್ದವು. ಬೇಸಿಗೆಯ ಬಿಸಿಲಿನದು ಇನ್ನೊಂದು ಕಾಟ. ಬಟ್ಟೆಯ ನೂಲು ಬಿಸಿಲಿಗೆ ಸಾಯುತ್ತದೆ. ಅದನ್ನು ತಡೆಯಲು ಡೋಪಿಗೆ ಅಲ್ಯುಮಿನಿಯಂ ಪುಡಿ ಬೆರೆಸಿ ಬಳಿಯುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಅನೇಕ ವಿಮಾನಗಳು ಬೆಳ್ಳಿಯ ಬಣ್ಣದಲ್ಲಿ ಕಾಣುವುದು ಇದರಿಂದಲೇ, ಶೋಕಿಗಲ್ಲ.

ಇಷ್ಟೆಲ್ಲ ಮಾಡಿದರೂ ಬಟ್ಟೆಗೆ ಆಯುಸ್ಸು ಕಡಿಮೆ. ಕೆಲವು ವರ್ಷಗಳಿಗೊಮ್ಮೆ ಹಳೆಯದನ್ನು ಬಿಚ್ಚಿ ಹೊಸತನ್ನು ತೊಡಿಸಬೇಕು. ತೇರಿಗೆ ವರ್ಷವರ್ಷ ಹೊಸ ಬಟ್ಟೆ ಕಟ್ಟುವುದಿಲ್ಲವೆ, ಹಾಗೆ. 1982ರ ಅಕ್ಟೋಬರ್ 15ರಂದು, 78ರ ವಯಸ್ಸಿನಲ್ಲಿ, ಜೆ.ಆರ್.ಡಿ. ಮತ್ತೆ ಕರಾಚಿಯಿಂದ ಜುಹೂವಿಗೆ ಹಾರಿ ಬಂದರು. ಆ ವಿಮಾನ ಹಳೆಯ ಪಸ್ ಮಾತ್ ಅಲ್ಲ, ಅದರ ತಂಗಿಯಂಥ ಲೆಪರ್ಡ್ ಮಾತ್. ನಮ್ಮ ಅಭಿಪ್ರಾಯದಲ್ಲಿ ಇಂಥ ವಿಮಾನಗಳಲ್ಲಿ ಬಟ್ಟೆಗಿಂತ ಬಣ್ಣವೇ ಹಳೆಯದು. ಬಟ್ಟೆ ಹೋಗಿ ಬಟ್ಟೆ ಬರುತ್ತದೆ. ಗೆರೆ ಮತ್ತು ಅಕ್ಷರಗಳನ್ನು ಮೊದಲಿದ್ದ ಜಾಗದಲ್ಲೇ ಮತ್ತೆ ಬರೆಯುತ್ತಾರೆ.

ವಿಮಾನ ಹಾರಿಸಿದ್ದು ಮುಂಬಯಿಯಾದರೆ ಕಟ್ಟಿದ್ದು ಬೆಂಗಳೂರು. ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಅಲ್ಲಿ ವಿ.ಎಂ. ಘಾಟಗೆಯವರು ರಚಿಸಿದ ಮೊದಲ ವಿನ್ಯಾಸ ಹತ್ತು ಆಸನದ ಒಂದು ಗ್ಲೈಡರ್ ಎಂಬುದು ಬಹುಮಂದಿಗೆ ತಿಳಿಯದು. ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಅಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ‘ಪುಷ್ಪಕ’ವೂ ಬಟ್ಟೆ ಹೊದ್ದ ವಿಮಾನವೇ.

ಇನ್ನು ಮಾದರಿ ಗ್ಲೈಡರುಗಳು. ಎನ್.ಸಿ.ಸಿ.ಯ ವಾಯು ವಿಭಾಗ 1950ರ ಏಪ್ರಿಲ್ 1ರಂದು ಆರಂಭವಾದಾಗ ದೇಶದಲ್ಲಿದ್ದುದು ಎರಡೇ ತುಕಡಿ; ಒಂದು ಕಲಕತ್ತೆಯಲ್ಲಿ, ಇನ್ನೊಂದು ನಮ್ಮ ಮುಂಬಯಿಯಲ್ಲಿ. ಮಾದರಿ ವಿಮಾನ ಕಟ್ಟುವುದು ಈ ವಿಭಾಗದ ಪಾಠಗಳಲ್ಲೊಂದು. ದಕ್ಷಿಣ ಅಮೆರಿಕದ ಬಾಲ್ಸಾ ಮರದ ಹಂದರ, ಮೇಲೆ ತೆಳು ರೇಷ್ಮೆ ಅಥವಾ ಟಿಶ್ಯೂ ಕಾಗದ, ನೀರು ಚಿಮುಕಿಸಿ ಬಿಗಿದ ಮೇಲೆ ಎರಡು ಮೂರು ಸಲ ತೆಳುವಾದ ಡೋಪ್. ಇಷ್ಟಾಗುವ ಹೊತ್ತಿಗೆ ಹುಡುಗನಿಗೆ ಬಣ್ಣದ ಆಸೆ ಹುಟ್ಟುತ್ತದೆ. ಅಪಾಯವಿರುವುದು ಅಲ್ಲೇ.

ಬಣ್ಣವೆಂದರೆ ತೂಕ. ಗ್ಲೈಡರಿಗೆ ಎಂಜಿನಿಲ್ಲ, ಹೊರುವವರಾರು? ಅದರಲ್ಲೂ ಬಾಲದ ಮೇಲಿನ ಬಣ್ಣ ಬಲು ದುಬಾರಿ. ಬಾಲವು ತೂಕದ ಮಧ್ಯಬಿಂದುವಿನಿಂದ ದೂರ, ಮೂಗು ಹತ್ತಿರ. ಅಲ್ಲಿ ಒಂದು ಗ್ರಾಂ ಹೆಚ್ಚಾದರೆ ಸರಿದೂಗಿಸಲು ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ತುರುಕಬೇಕು. ರೆಕ್ಕೆಯ ಒಂದೇ ಬದಿಗೆ ಬಳಿದರೆ ಆ ಬದಿ ಹೆಚ್ಚು ಕುಗ್ಗಿ ರೆಕ್ಕೆ ತಿರುಚಿಕೊಳ್ಳುತ್ತದೆ. ಆಮೇಲೆ ಗ್ಲೈಡರ್ ನೇರ ಹೋಗದೆ ಸುತ್ತು ಹೊಡೆಯುತ್ತದೆ. ಹಾಗಾಗಿ ಬಲ್ಲವರು ರೆಕ್ಕೆ ಆರುವತನಕ ಅದನ್ನು ಸಪಾಟಾದ ಹಲಗೆಗೆ ಗುಂಡುಸೂಜಿಯಿಂದ ಬಂಧಿಸಿಡುತ್ತಾರೆ.

ಗೆರೆ ಎಳೆಯುವುದಕ್ಕೂ ಕ್ರಮವಿದೆ. ಇಳಕಲ್ ಸೀರೆಯ ಅಂಚು ನೇಯ್ಗೆಯಲ್ಲೇ ಬರುತ್ತದೆ. ಇಲ್ಲಿ ಅಂಚು ಕೊನೆಗೆ ಬರುತ್ತದೆ, ಬಟ್ಟೆಯಾದರೋ ಹೀರುವ ಜಾತಿ. ಅಂಟುಪಟ್ಟಿ ಹಚ್ಚಿ ನೇರ ಬಣ್ಣ ಬಳಿದರೆ ಅದು ಪಟ್ಟಿಯ ಅಡಿಗೆ ನುಸುಳಿ ಗೆರೆ ಗರಗಸದ ಹಲ್ಲಾಗುತ್ತದೆ. ಮೊದಲು ಪಟ್ಟಿಯ ಅಂಚಿಗೆ ಬಣ್ಣವಿಲ್ಲದ ಡೋಪ್ ಸವರಬೇಕು. ನುಸುಳುವುದಿದ್ದರೆ ಅದು ನುಸುಳಲಿ, ಕಣ್ಣಿಗೆ ಕಾಣದು. ಸಂದು ಮಾತ್ರ ಮುಚ್ಚುತ್ತದೆ. ಆಮೇಲೆ ತೆಳು ಬಣ್ಣ ಎರಡು ಸಲ. ಪೂರ್ತಿ ಒಣಗುವ ಮೊದಲೇ ಪಟ್ಟಿಯನ್ನು ಹಿಂದಕ್ಕೆ ಮಡಚಿ ಮೆಲ್ಲನೆ ಎಳೆಯಬೇಕು. ಇನ್ನೂ ಜಾಣರು ಬಣ್ಣವನ್ನೇ ಬಿಟ್ಟು, ಬಣ್ಣದ ಟಿಶ್ಯೂ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ, ಥಿನ್ನರ್ ಸವರಿ ಕೂರಿಸುತ್ತಾರೆ. ಸಂಕ್ರಾಂತಿಯ ಗಾಳಿಪಟ ಕಟ್ಟಿದ ಕೈಗೆ ಇದು ಕಷ್ಟವಲ್ಲ.

ಹಾಗಿದ್ದರೆ ಬಣ್ಣ ಬೇಡವೇ ಬೇಡವೆ? ಬೇಕು. ಮೇಲೊಂದು ಬಣ್ಣ, ಕೆಳಗೊಂದು ಬಣ್ಣವಿದ್ದರೆ ದೂರದಲ್ಲಿ ಗ್ಲೈಡರ್ ಯಾವ ಕಡೆ ವಾಲಿದೆಯೆಂದು ಗೊತ್ತಾಗುತ್ತದೆ. ಹುಲ್ಲಿನಲ್ಲಿ ಬಿದ್ದರೆ ಹುಡುಕಲು ಒಂದು ಕೆಂಪು ಪಟ್ಟಿ ಸಾಕು. ಎರಡು ಪಟ್ಟಿ ಎಂದರೆ ನಮ್ಮ ಲೆಕ್ಕದಲ್ಲಿ ದುಂದು.

ಇಂದು ಜುಹೂವಿನಲ್ಲಿ ಕಾಣುವುದು ಹೆಚ್ಚಾಗಿ ಹೆಲಿಕಾಪ್ಟರುಗಳು. ಮಾದರಿಗಳಿಗೂ ಈಗ ಇಸ್ತ್ರಿಯ ಬಿಸಿಗೆ ಬಿಗಿಯುವ ಪ್ಲಾಸ್ಟಿಕ್ ಹೊದಿಕೆ ಬಂದಿದೆ. ಅದಕ್ಕೆ ಡೋಪಿನ ವಾಸನೆಯಿಲ್ಲ, ಮಳೆಗಾಲದ ಬಿಳಿ ಮಂಜೂ ಇಲ್ಲ. ಬಣ್ಣದ ಪಟ್ಟಿ ಬೇಕಾದರೆ ಅದನ್ನೂ ಅದೇ ಹೊದಿಕೆಯಿಂದ ಕತ್ತರಿಸಿ ಇಸ್ತ್ರಿ ಹಾಕುತ್ತಾರೆ.