ಬಿಸಿನೀರು ಯಾರದು?

ಕ್ಯೋಟೊದಿಂದ ರೈಲಿನಲ್ಲಿ ಸುಮಾರು ಎರಡೂವರೆ ತಾಸು. ಕಿನೊಸಾಕಿಯಲ್ಲಿ ಇಳಿದು, ವಸತಿಗೃಹದವರು ಕೊಟ್ಟ ಯುಕಾಟ ಉಟ್ಟು, ಮರದ ಪಾದುಕೆ ಮೆಟ್ಟಿ ಬೀದಿಗೆ ಬಂದೆ. ಊರ ನಡುವೆ ಓತಾನಿ ಎಂಬ ಕಿರುಹೊಳೆ, ದಡದಲ್ಲಿ ವಿಲೋ ಮರಗಳು, ಕಮಾನಿನ ಕಲ್ಲುಸೇತುವೆಗಳು. ಏಳು ಸಾರ್ವಜನಿಕ ಸ್ನಾನಗೃಹಗಳಿವೆ; ರಾತ್ರಿ ತಂಗುವವರಿಗೆ ಪುಕ್ಕಟೆ ಪ್ರವೇಶ. ಬಚ್ಚಲ ಬಾಗಿಲು ಹಾಕಿಕೊಂಡು ಹಂಡೆ ನೀರು ಮಿಂದು ಬೆಳೆದ ನನಗೆ ಅಪರಿಚಿತರ ನಡುವೆ ಬರಿಮೈಯಲ್ಲಿ ತೊಟ್ಟಿಗಿಳಿಯುವುದು ಕಷ್ಟವೇ ಆಯಿತು. ಮೂರನೆಯ ಸ್ನಾನಗೃಹದ ಹೊತ್ತಿಗೆ ನಾಚಿಕೆ ಕಳೆದಿತ್ತು.

ನಾನು ಬಂದದ್ದು ಒಂದು ಕತೆಯ ಜಾಡು ಹಿಡಿದು. 1913ರಲ್ಲಿ ಟೋಕಿಯೋದಲ್ಲಿ ರೈಲು ಬಡಿದು ಗಾಯಗೊಂಡ ಲೇಖಕ ಶಿಗಾ ನಾವೊಯಾ ಸುಧಾರಿಸಿಕೊಳ್ಳಲು ಇಲ್ಲಿನ ಮಿಕಿಯಾ ವಸತಿಗೃಹದಲ್ಲಿ ಮೂರು ವಾರ ಇದ್ದರು. 1917ರ ‘ಕಿನೊಸಾಕಿಯಲ್ಲಿ’ ಎಂಬ ಅವರ ಕತೆ ಹುಟ್ಟಿದ್ದು ಆ ದಿನಗಳಿಂದ. ಆದರೆ ಅವರು ಕಂಡ ಊರು ಈಗಿಲ್ಲ. 1925ರ ಮೇ 23ರಂದು, ಬೆಳಗಿನ ಹನ್ನೊಂದು ದಾಟಿದಾಗ, ನೆಲ ನಡುಗಿತು. ಮಧ್ಯಾಹ್ನದ ಅಡುಗೆಗೆ ಒಲೆ ಹೊತ್ತಿಸುವ ಸಮಯ. ಮರದ ಮನೆಗಳು ಕುಸಿದು, ಬೆಂಕಿ ಹತ್ತಿ, ಊರಿಗೆ ಊರೇ ಬೂದಿಯಾಯಿತು. ಆ ಸೀಮೆಯಲ್ಲಿ ಸತ್ತವರು 400ಕ್ಕೂ ಹೆಚ್ಚು. ಹೊಳೆಯ ದಡ ಕಟ್ಟಲು ಸಮೀಪದ ಗೆನ್ಬುದೋ ಗುಹೆಯ ಕಪ್ಪು ಕಲ್ಲು ತಂದರು. ಇವತ್ತಿಗೂ ಅದನ್ನು ಮುಟ್ಟಿ ನೋಡಬಹುದು.

ಜಗಳ ಶುರುವಾದದ್ದು ಆಮೇಲೆ. ಅಲ್ಲಿಯವರೆಗೆ ವಸತಿಗೃಹಗಳ ಒಳಗೆ ಬಿಸಿನೀರಿನ ತೊಟ್ಟಿ ಇರುತ್ತಿರಲಿಲ್ಲ. ಅತಿಥಿಗಳೂ ಊರವರೂ ಮೀಯುತ್ತಿದ್ದದ್ದು ಸಾರ್ವಜನಿಕ ಸ್ನಾನಗೃಹದಲ್ಲೇ. 1927ರಲ್ಲಿ ಇದೇ ಮಿಕಿಯಾದವರು ತಮ್ಮ ಜಾಗದಲ್ಲಿ ಸಿಕ್ಕ ಬಿಸಿನೀರಿನಿಂದ ಒಳಗೇ ಸ್ನಾನದ ವ್ಯವಸ್ಥೆ ಮಾಡಲು ಹೊರಟರು. ನೆಲ ನನ್ನದಾದರೆ ಅದರಡಿಯ ನೀರೂ ನನ್ನದಲ್ಲವೆ? ಊರವರು ಒಪ್ಪಲಿಲ್ಲ. ದೋಚಿ ಎಂಬ ಸನ್ಯಾಸಿ ಸಾವಿರ ದಿನ ಪ್ರಾರ್ಥಿಸಿ ಎಲ್ಲರಿಗಾಗಿ ಬರಿಸಿದ ನೀರು ಅದು ಎಂಬುದು, 8ನೆಯ ಶತಮಾನದ್ದೆನ್ನುವ, ಊರಿನ ಐತಿಹ್ಯ. ನಂಬಿಕೆಯ ಜೊತೆಗೆ ಹೊಟ್ಟೆಪಾಡೂ ಇತ್ತು: ಅತಿಥಿ ಒಳಗೇ ಮಿಂದು ಮಲಗಿದರೆ ಬೀದಿಯ ಅಂಗಡಿಗೆ ಯಾರು ಬರಬೇಕು? ಇಬ್ಬರ ಮಾತಿನಲ್ಲೂ ಹುರುಳಿದೆ ಎನ್ನುವುದು ಸುಲಭ. ನನ್ನ ಮನಸ್ಸು ಮಾತ್ರ ಬೀದಿಯ ಕಡೆಗೇ ವಾಲಿತು.

ವ್ಯಾಜ್ಯ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎಳೆದು, ನಡುವೆ ಒಂದು ಮಹಾಯುದ್ಧವನ್ನೂ ದಾಟಿ, 1950ರಲ್ಲಿ ರಾಜಿಯಲ್ಲಿ ಮುಗಿಯಿತು. ನೀರು ಊರಿನ ಸೊತ್ತು. ವಸತಿಗೃಹದ ಒಳಗೂ ತೊಟ್ಟಿ ಇರಲಿ, ಆದರೆ ಅದರ ಗಾತ್ರಕ್ಕೆ ಮಿತಿ ಇರಲಿ. 1972ರಿಂದ ಬುಗ್ಗೆಗಳ ನೀರನ್ನೆಲ್ಲ ಒಂದೆಡೆ ಕೂಡಿಸಿ, ಕೊಳವೆಗಳಲ್ಲಿ ಊರಿಗೆಲ್ಲ ಹಂಚುತ್ತಾರೆ. ಊರೆಲ್ಲ ಸೇರಿ ಒಂದೇ ವಸತಿಗೃಹ ಎಂದು ಇಲ್ಲಿಯವರು ಹೇಳಿಕೊಳ್ಳುತ್ತಾರೆ: ರೈಲುನಿಲ್ದಾಣ ಹೆಬ್ಬಾಗಿಲು, ಬೀದಿ ಪಡಸಾಲೆ, ವಸತಿಗೃಹಗಳು ಕೋಣೆಗಳು.

ನಾನು ತಂಗಿದ್ದಲ್ಲೂ ಒಂದು ತೊಟ್ಟಿ ಇತ್ತು, ಮೂವರು ಕೂತರೆ ತುಂಬುವಷ್ಟು. ರಾತ್ರಿ ಹತ್ತಕ್ಕೆ ಇಣುಕಿದೆ, ಯಾರೂ ಇರಲಿಲ್ಲ. ಹೊರಗೆ ಬೀದಿಯಲ್ಲಿ ಪಾದುಕೆಗಳ ಟಕಟಕ ಇನ್ನೂ ನಿಂತಿರಲಿಲ್ಲ.