ಮೂತ್ರಪಿಂಡ ಮರಳಿ ಕೊಡುವುದು

ನವಿ ಮುಂಬಯಿಯ ಖಾರಘರದ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ನಾನು ಟೆಕ್ನಿಷಿಯನ್. ವಾರಕ್ಕೆ ಮೂರು ಸಲ ಬರುವವರಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಹೋಟೆಲಿನ ಗಲ್ಲಾದಲ್ಲಿ ಆಯುಷ್ಯ ಕಳೆದವರು. ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳಕ್ಕೆ, ಅಂದರೆ ಫಿಸ್ಟುಲಾಕ್ಕೆ, ಸೂಜಿ ಹಾಕುವ ಮೊದಲೇ ಕೇಳುತ್ತಾರೆ: "ಇವತ್ತ್ ಎಷ್ಟ್ ನೀರ್ ತೆಗೂದ್ ಮಗಾ?" ತೂಕ ನೋಡಿ ಹೇಳುತ್ತೇನೆ. ಆದರೆ ಅವರ ಮೂತ್ರಪಿಂಡ ಚೆನ್ನಾಗಿದ್ದ ಕಾಲದಲ್ಲಿ ಎಷ್ಟು ತೆಗೆಯುತ್ತಿತ್ತು ಎನ್ನುವುದಕ್ಕಿಂತ ಎಷ್ಟನ್ನು ಹಿಂದಕ್ಕೆ ಕೊಡುತ್ತಿತ್ತು ಎಂಬುದೇ ನನಗೆ ದೊಡ್ಡ ವಿಷಯ.

ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಮಟ್ಟದಲ್ಲಿ ಎರಡು ಪಿಂಡಗಳಿವೆ. ಯಕೃತ್ತಿನ ಕೆಳಗಿರುವುದರಿಂದ ಬಲಗಡೆಯದು ತುಸು ಕೆಳಕ್ಕೆ. ಒಂದೊಂದರ ತೂಕ ಸುಮಾರು 150 ಗ್ರಾಂ, ಒಂದೊಂದರಲ್ಲಿ ಹತ್ತು ಲಕ್ಷದಷ್ಟು ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳು. ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಿ ಇಳಿಯುತ್ತದೆ. ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರ್. ಉಳಿದದ್ದೆಲ್ಲ, ಸಕ್ಕರೆ ಉಪ್ಪುಗಳೊಂದಿಗೆ, ರಕ್ತಕ್ಕೆ ವಾಪಸ್.

ಇದು ತಿಳಿಯಲು ಬಹಳ ಕಾಲ ಹಿಡಿಯಿತು. 1666ರಲ್ಲಿ ಇಟಲಿಯ ಮಾಲ್ಪೀಗಿ, ಮೂತ್ರಪಿಂಡದ ಅಪಧಮನಿಗೆ ಕಪ್ಪು ದ್ರವ ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೊಂಬೆಗೆ ಸೇಬು ತೂಗಿದ ಹಾಗೆ ಪುಟ್ಟ ಉಂಡೆಗಳು ಕಂಡವು. 1842ರಲ್ಲಿ ಲಂಡನ್ನಿನ ಬೌಮನ್, ಆ ಉಂಡೆಯನ್ನು ಸುತ್ತಿದ ಚೀಲವೇ ನಾಳವಾಗಿ ಮುಂದುವರಿಯುತ್ತದೆಂದು ತೋರಿಸಿದ. ಅದೇ ಕಾಲದಲ್ಲಿ ಜರ್ಮನಿಯ ಲುಡ್ವಿಗ್, ರಕ್ತದ ಒತ್ತಡದಿಂದ ದ್ರವ ಸೋಸಿ ಇಳಿದು ನಾಳದಲ್ಲಿ ಮತ್ತೆ ಹೀರಿಕೆಯಾಗುತ್ತದೆ ಎಂದ. ಅದಕ್ಕೆ ನೇರ ಪುರಾವೆ ಸಿಕ್ಕಿದ್ದು 1920ರ ದಶಕದಲ್ಲಿ. ಫಿಲಡೆಲ್ಫಿಯಾದಲ್ಲಿ ವರ್ನ್ ಮತ್ತು ರಿಚರ್ಡ್ಸ್, ಕಪ್ಪೆಯ ಮೂತ್ರಪಿಂಡದ ಒಂದೇ ಒಂದು ಚೀಲಕ್ಕೆ ಕೂದಲೆಳೆಯಂಥ ಗಾಜಿನ ನಳಿಕೆ ಚುಚ್ಚಿ ದ್ರವ ತೆಗೆದರು. ಅದರಲ್ಲಿ ಸಕ್ಕರೆಯಿತ್ತು, ಮೂತ್ರಕೋಶದ ಮೂತ್ರದಲ್ಲಿ ಇರಲಿಲ್ಲ. ದಾರಿಯಲ್ಲಿ ನಾಳ ಅದನ್ನು ಹಿಂದಕ್ಕೆ ಪಡೆದಿತ್ತು. ನನ್ನ ವೃತ್ತಿಯ ಚರಿತ್ರೆಯಲ್ಲಿ ಇದಕ್ಕಿಂತ ಸುಂದರವಾದ ಪ್ರಯೋಗವನ್ನು ನಾನು ಕಾಣೆ.

ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಹಾಲೆಂಡಿನ ಕಂಪೆನ್ ಊರಲ್ಲಿ ಕೋಲ್ಫ್ ಎಂಬ ವೈದ್ಯ ಡ್ರಮ್ಮಿಗೆ ಸೆಲ್ಲೋಫೇನ್ ಕೊಳವೆ ಸುತ್ತಿ ಕೃತಕ ಮೂತ್ರಪಿಂಡ ಕಟ್ಟಿದ. ಮೊದಲ ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67ರ ಮುದುಕಿಯೊಬ್ಬಳು ಬದುಕಿದಳು. ಇಂದಿಗೂ ನಮ್ಮ ಯಂತ್ರಕ್ಕೆ ಹೀರಿ ಮರಳಿಸುವ ನಾಳವಿಲ್ಲ. ಅದಕ್ಕೇ ಸೋಡಿಯಂ, ಬೈಕಾರ್ಬನೇಟ್ ಎಲ್ಲ ಅಳತೆಯಲ್ಲಿ ಬೆರೆಸಿದ ದ್ರಾವಣ ಹರಿಸುತ್ತೇವೆ, ಬೇಕಾದ್ದು ರಕ್ತದಲ್ಲೇ ನಿಲ್ಲಲೆಂದು. ಕೆಂಪು ರಕ್ತಕಣ ಹುಟ್ಟಿಸಲು ಮೂತ್ರಪಿಂಡವೇ ಮಾಡುತ್ತಿದ್ದ ಎರಿತ್ರೋಪೊಯೆಟಿನ್ ಅನ್ನು ಇಂಜೆಕ್ಷನ್ ಮೂಲಕ ಕೊಡುತ್ತೇವೆ. ನಾಲ್ಕು ತಾಸು ಮುಗಿದ ಮೇಲೆ ಆ ಹಿರಿಯರು ಸೋತು ಮಲಗಿರುವುದನ್ನು ಕಂಡಾಗ ಈ ಕೊರತೆ ನನ್ನನ್ನು ಚುಚ್ಚುತ್ತದೆ.

ಎಲ್ಲವನ್ನೂ ಮಾಡಬಲ್ಲದ್ದು ಇನ್ನೊಂದು ಮೂತ್ರಪಿಂಡ ಮಾತ್ರ. ಇಲ್ಲಿಂದ ಲೋಕಲ್ ರೈಲಿನಲ್ಲಿ ಹೋಗಬಹುದಾದ ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ 1965ರ ಮೇ ತಿಂಗಳಲ್ಲಿ ಮೃತರೊಬ್ಬರ ಮೂತ್ರಪಿಂಡವನ್ನು ಕಸಿ ಮಾಡಿದ್ದರು. ರೋಗಿ ಹೆಚ್ಚು ದಿನ ಬದುಕಲಿಲ್ಲ. 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಜೀವಂತ ದಾನಿಯ ಕಸಿ ಯಶಸ್ವಿಯಾಯಿತು. 1994ರ ಕಾಯ್ದೆ ಅಂಗಗಳ ಮಾರಾಟವನ್ನು ನಿಷೇಧಿಸಿ, ಮಿದುಳು ಸತ್ತವರಿಂದ ದಾನ ಪಡೆಯಲು ದಾರಿ ಮಾಡಿತು. ನಮ್ಮ ಹಿರಿಯರ ಹೆಸರು ಈಗ ಅಂಥ ದಾನಕ್ಕೆ ಕಾಯುವವರ ಸರದಿಯಲ್ಲಿದೆ.