ಮನೆಯ ದಿನಚರಿಗೆ ಪೈಥಾನ್ ಗಡಿಯಾರ

ದೀಪ, ಹೀಟರ್, ಪ್ಲಗ್ ಮೊದಲಾದ ಉಪಕರಣಗಳು ನಿಗದಿತ ವೇಳೆಗೆ ತಾವಾಗಿಯೇ ಕೆಲಸ ಮಾಡುವಂತೆ ಏರ್ಪಡಿಸುವುದೇ ಗೃಹ ಸ್ವಯಂಚಾಲನೆ. ಈ ಕ್ಷೇತ್ರದಲ್ಲಿ ಪೈಥಾನ್ ಭಾಷೆಯ ಪಾತ್ರ ದೊಡ್ಡದು. 2013ರಲ್ಲಿ ಪೌಲಸ್ ಸ್ಕೌಟ್ಸೆನ್ ಆರಂಭಿಸಿದ ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶದ ತಿರುಳು ಪೈಥಾನಿನಲ್ಲಿದೆ. ಉಪಕರಣವನ್ನು ಚಾಲೂ ಮಾಡಿಸುವುದು ಸುಲಭ. ವೇಳೆಯನ್ನು ಮನೆಯವರೇ ಬದಲಿಸುವಂತೆ ಮಾಡುವುದು ಅಷ್ಟು ಸುಲಭವಲ್ಲ.

ವೈದ್ಯವೃತ್ತಿಯಲ್ಲಿ ಪರಿಚಿತವಾದ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಊರಿನಿಂದ ನ್ಯೂಜೆರ್ಸಿಯ ಮಗಳ ಮನೆಗೆ ಬಂದ ತಾಯಿ ಥೈರಾಯ್ಡ್ ಕೊರತೆಗೆ ಲಿವೋಥೈರಾಕ್ಸಿನ್ ಸೇವಿಸುತ್ತಾರೆ. ಈ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಗಿನ ಉಪಾಹಾರಕ್ಕೆ 30ರಿಂದ 60 ನಿಮಿಷ ಮೊದಲು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಕಾಫಿ ಅದರ ಹೀರುವಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ 6.30ಕ್ಕೆ ಮಾತ್ರೆಯ ನೆನಪು, 7.30ಕ್ಕೆ ಕಾಫಿ ಯಂತ್ರದ ಪ್ಲಗ್. ಚಳಿಗೆ ತಡವಾಗಿ ಏಳುವ ತಾಯಿ ನೆನಪಿನ ವೇಳೆಯನ್ನು 7.15ಕ್ಕೆ ಬದಲಿಸಿದರೆ ಉಳಿಯುವ ಅಂತರ ಹದಿನೈದೇ ನಿಮಿಷ. ಆದುದರಿಂದ ಬದಲಿಸಬಹುದಾದ ವೇಳೆ ಒಂದೇ ಇರಲಿ. ಕಾಫಿಯ ವೇಳೆ ಅದಕ್ಕೆ 60 ನಿಮಿಷ ಕೂಡಿಸಿ ಲೆಕ್ಕವಾಗಲಿ.

ಆ ವೇಳೆಯನ್ನು ಪ್ರೋಗ್ರಾಮಿನ ಒಳಗೆ ಬರೆಯದೆ ಹೊರಗೆ ಶೇಖರಿಸಬೇಕು. ಹೋಮ್ ಅಸಿಸ್ಟೆಂಟಿನ ‘ಇನ್‌ಪುಟ್ ಡೇಟ್‌ಟೈಮ್’ ಇದಕ್ಕಾಗಿಯೇ ಇದೆ: ಮೊಬೈಲಿನಲ್ಲಿ ವೇಳೆ ತಿದ್ದಿದರೆ ಅದನ್ನು ಅವಲಂಬಿಸಿದ ದಿನಚರಿಯೂ ಬದಲಾಗುತ್ತದೆ. ಸ್ವಂತವಾಗಿ ಪ್ರೋಗ್ರಾಂ ಬರೆಯುವವರು ‘ಎಪಿಶೆಡ್ಯೂಲರ್’ ಲೈಬ್ರರಿಯನ್ನು ಬಳಸಬಹುದು. ವೇಳೆ ಬದಲಾದಾಗ ಹೊಸ ಕೆಲಸ ಸೇರಿಸದೆ ಹಳೆಯದನ್ನೇ ಮರುನಿಗದಿ ಮಾಡಬೇಕು. ಇಲ್ಲವಾದರೆ ನೆನಪು ಎರಡು ಬಾರಿ ಮೊಳಗಿ, ಮರೆಗುಳಿತನವಿರುವ ಹಿರಿಯರು ಎರಡು ಮಾತ್ರೆ ನುಂಗುವ ಅಪಾಯವಿದೆ.

ಭಾರತದಲ್ಲಿ ಎದುರಾಗದ ತೊಡಕು ಇಲ್ಲಿನ ಗಡಿಯಾರದ್ದು. ಅಮೆರಿಕದಲ್ಲಿ 2007ರಿಂದ ಮಾರ್ಚಿಯ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಪ್ರತಿ ಬಾರಿ 86,400 ಸೆಕೆಂಡು ಕಾಯುವ ಪ್ರೋಗ್ರಾಂ ಮಾರ್ಚಿಯ ಆ ದಿನ 6.30ರ ಬದಲು 7.30ಕ್ಕೆ ಎಚ್ಚರಿಸುತ್ತದೆ. ವಸಂತದ ಆ ರಾತ್ರಿ 2.30 ಎಂಬ ವೇಳೆಯೇ ಇರುವುದಿಲ್ಲ. ನವೆಂಬರಿನ ರಾತ್ರಿ 1.30 ಎರಡು ಸಲ ಬರುತ್ತದೆ. ಪೈಥಾನ್ 3.9ರಲ್ಲಿ ಬಂದ ‘ಝೋನ್‌ಇನ್ಫೋ’ಗೆ ‘ಅಮೆರಿಕ/ನ್ಯೂಯಾರ್ಕ್’ ಎಂಬ ವಲಯದ ಹೆಸರು ಕೊಟ್ಟು, ಪ್ರತಿದಿನವೂ ಮುಂದಿನ ವೇಳೆಯನ್ನು ಹೊಸದಾಗಿ ಲೆಕ್ಕಹಾಕಬೇಕು. ಆದರೆ ಬೆಂಗಳೂರಿನ ಬಂಧುಗಳಿಗೆ ಅಲ್ಲಿನ ಸಂಜೆ 7ಕ್ಕೆ ಫೋನ್ ಮಾಡುವ ನೆನಪು ‘ಏಷ್ಯಾ/ಕೋಲ್ಕತ್ತಾ’ ವಲಯದಲ್ಲಿರಬೇಕು. ಇಲ್ಲಿ ಅದು ಚಳಿಗಾಲದಲ್ಲಿ ಬೆಳಗ್ಗೆ 8.30, ಬೇಸಿಗೆಯಲ್ಲಿ 9.30.

ವಿದ್ಯುತ್ ಹೋಗಿ ಬಂದಾಗ ತಪ್ಪಿದ ಕೆಲಸವನ್ನು ಏನು ಮಾಡಬೇಕೆಂಬುದನ್ನೂ ಮೊದಲೇ ತೀರ್ಮಾನಿಸಬೇಕು. ದೀಪ ತಡವಾಗಿ ಹೊತ್ತಿದರೆ ಹಾನಿಯಿಲ್ಲ. ಮಾತ್ರೆಯ ನೆನಪಿಗೆ ಮಾತ್ರ ಮಿತಿಯಿರಲಿ: ಅದು ಮೀರಿದರೆ ಯಂತ್ರ ‘ಈಗ ನುಂಗಿ’ ಎನ್ನದೆ, ಮನೆಯವರಿಗೆ ‘ಇಂದು ನೆನಪಿಸಲಾಗಲಿಲ್ಲ’ ಎಂದು ತಿಳಿಸಲಿ. ಮುಂದೇನೆಂಬುದನ್ನು ಅವರು ವೈದ್ಯರನ್ನು ಕೇಳಿ ನಿರ್ಧರಿಸಲಿ.